ಆರಾಮ ಕೇಳುವ ಗೋಡೆ

"ಆರಾಮ ಅದೀರೇನವ್ವಾ?" ಎಂದು ಗೋಡೆ ಕೇಳಿತು.

"ಆರಾಮ ನೋಡವ್ವಾ," ಎಂದು ಹೆಂಗಸರ ಸಾಲಿನ ತಲೆಗೆ ಕೂತಿದ್ದ ಫಕ್ಕೀರವ್ವ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಲೇ ಉತ್ತರಿಸಿದಳು. ಅವಳ ಹಿಂದೆಯೇ ಹುಸೇನಬಿ ಆರಾಮ ಎಂದಳು. ಅವಳ ಪಕ್ಕದವಳೂ ಎಂದಳು. ಹೀಗೆ ಸಾಲಿನ ಕೊನೆಯವರೆಗೂ ಆ ಮಾತು ಹರಿದುಹೋಯಿತು. ಯೋಗಕ್ಷೇಮ ವಿಚಾರಿಸಿಯಾಯಿತೆಂದು ಗೋಡೆ ಸುಮ್ಮನಾಯಿತು.

ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಶಿವಲೀಲಾಳಿಗೆ ಅದನ್ನು ಕೇಳಿದಾಗಲೆಲ್ಲ ನಾಚಿಕೆಯಾಗುತ್ತಿತ್ತು, ಒಳಗೊಳಗೇ ಹೆಮ್ಮೆಯೂ ಆಗುತ್ತಿತ್ತು. ಗೋಡೆ ಮಾತಾಡುತ್ತಿದ್ದದ್ದು ಅವಳದೇ ದನಿಯಲ್ಲಿ. ಫಕ್ಕೀರವ್ವ ಅವಳ ಅಕ್ಕ. ತಾಯಿ ತೀರಿಕೊಂಡ ಮೇಲೆ ಇದೇ ಶೆಡ್ಡಿನಲ್ಲಿ ತೊಟ್ಟು ಮುರಿದು ತಂಗಿಯನ್ನು ಸಾಕಿ ಓದಿಸಿದವಳು ಅವಳೇ.

ಆ ಕಾಲಕ್ಕೆ ಬ್ಯಾಡಗಿಯಲ್ಲಿ ಶಿವರಾತ್ರಿ ಕಳೆಯುವುದೇ ತಡ, ಬಿಸಿಲು ನಲವತ್ತೈದು ಡಿಗ್ರಿ ಮುಟ್ಟುತ್ತಿತ್ತು. ಮೇಲೆ ತಗಡು, ಕೆಳಗೆ ಮೆಣಸಿನಕಾಯಿಯ ರಾಶಿ. ಫ್ಯಾನು ಹಾಕಿದರೆ ಖಾರದ ಧೂಳೆದ್ದು ಎದೆ ಕಿತ್ತುಬರುವಂಥ ಕೆಮ್ಮು, ಹಾಕದಿದ್ದರೆ ಬೇಗೆ. ಅತ್ತ ದರಿ, ಇತ್ತ ಪುಲಿ. ಇದಕ್ಕೆ ಪರಿಹಾರ ಹುಡುಕಿದ್ದು 'ತಣ್ಣೆಳಲು' ಎಂಬ ಸೇವಾಸಂಸ್ಥೆ. ಹೆಸರಿಡುವುದರಲ್ಲಿ ಇಂಥ ಸಂಸ್ಥೆಗಳನ್ನು ಮೀರಿಸುವವರು ಯಾರೂ ಇಲ್ಲ. ಪೇಟೆಯ ಶೀತಲಗೃಹದಿಂದ ತಣ್ಣನೆಯ ಉಪ್ಪುನೀರನ್ನು ಕೊಳವೆಗಳಲ್ಲಿ ತಂದು ಗೋಡೆಯೊಳಗೆ ಹರಿಸಿದರು. ಎಲೆ ಅಲುಗುವಷ್ಟೂ ಗಾಳಿ ಬೀಸದೆ ಆ ಗೋಡೆ ಎದುರು ಕೂತವರ ಮೈಯ ಕಾವನ್ನು ಹೀರುತ್ತಿತ್ತು. ಅದಕ್ಕೆ 'ಕೇಳುಗೋಡೆ' ಎಂದು ಹೆಸರು. ಏಕೆಂದರೆ ಅದು ಉಷ್ಣಮಾಪಕವನ್ನು ನೋಡುತ್ತಿರಲಿಲ್ಲ, ಜನರನ್ನು ಕೇಳುತ್ತಿತ್ತು.

ಇದನ್ನು ರೂಪಿಸಿದ ವಿಜ್ಞಾನಿ ಡಾ. ಅನಘಾ ಸೋಮಯಾಜಿಯ ತತ್ವ ಸರಳವಾಗಿತ್ತು. ಪಾದರಸ ಎಲ್ಲರಿಗೂ ಒಂದೇ ಅಂಕಿ ತೋರಿಸುತ್ತದೆ, ಆದರೆ ಹರೆಯದ ಮೈಗೆ ತಡೆಯುವ ಸೆಕೆ ಮುದಿಮೈಗೆ ತಡೆಯದು. ಆದ್ದರಿಂದ ಅಂಕಿಗಿಂತ ಜನರ ಮಾತು ದೊಡ್ಡದು. ಗೋಡೆಯೊಳಗಿನ ಕಲಿಕಾಯಂತ್ರ ಪ್ರತಿ ಉತ್ತರದಿಂದಲೂ ಕಲಿಯುತ್ತ, ಶೀತಲಗೃಹದಲ್ಲಿದ್ದಷ್ಟು ತಂಪನ್ನು ಇಂಥ ಗೋಡೆಗಳಿದ್ದ ಶೆಡ್ಡುಗಳಿಗೂ ಪೇಟೆಯ ಹರಾಜುಕಟ್ಟೆಗೂ ಹಂಚುತ್ತಿತ್ತು. ಕಷ್ಟ ಎಂದವರಿಗೆ ಹೆಚ್ಚು, ಸುಖ ಎಂದವರಿಗೆ ಕಡಿಮೆ. ತತ್ವದಲ್ಲಿ ತಪ್ಪೇನೂ ಇರಲಿಲ್ಲ.

ಮೊದಲ ವರ್ಷ ಗೋಡೆ ಯಾವಳೋ ಅಪರಿಚಿತಳ ದನಿಯಲ್ಲಿ ಕೇಳುತ್ತಿದ್ದದ್ದು, "ಈಗಿನ ಉಷ್ಣತೆ ನಿಮಗೆ ಸಹ್ಯವಾಗಿದೆಯೇ?" ಎಂದು. ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. "ಯಾವ ಊರಿನ ಬೀಗತಿಬೇ ಇಕಿ?" ಎಂದು ಹುಸೇನಬಿ ಅಣಕಿಸುತ್ತಿದ್ದಳು. ಫಕ್ಕೀರವ್ವ ಗೋಡೆಯ ಕಡೆ ತಿರುಗಿ, "ಸಹ್ಯ ಗಿಹ್ಯ ನಮಗ ತಿಳಿಯಂಗಿಲ್ಲ ತಾಯಿ. ಮೈಯೆಲ್ಲಾ ಸುಟ್ಟ ಬದ್ನಿಕಾಯಿ ಆಗೇತಿ, ನೀರ್ ಬಿಡು!" ಎಂದು ಗದರುತ್ತಿದ್ದಳು. ಗೋಡೆ ನೀರು ಬಿಡುತ್ತಿತ್ತು. ಆ ಬೇಸಿಗೆ ಯಾರೂ ತಲೆಸುತ್ತಿ ಬೀಳಲಿಲ್ಲ.

ವರ್ಷದ ಕೊನೆಗೆ ಸಂಸ್ಥೆ ಜನಾಭಿಪ್ರಾಯದ ಸಭೆ ಕರೆಯಿತು. ಕುಂದುಕೊರತೆ ಹೇಳಿ ಎಂದಾಗ ಹೆಂಗಸರು ಮುಖ ಮುಖ ನೋಡಿಕೊಂಡರು. ಕೊಟ್ಟವರ ಎದುರೇ ಕೊಟ್ಟದ್ದರಲ್ಲಿ ಹುಳುಕು ಹುಡುಕುವುದು ಹೇಗೆ? ಕೊನೆಗೆ ಒಬ್ಬಳು, "ಎಲ್ಲಾ ಚಲೋ ಐತ್ರಿ. ಮಾತೊಂದು ನಮ್ಮಂಗ ಇದ್ದಿದ್ರ ಇನ್ನೂ ಚಲೋ ಆಗ್ತಿತ್ತು," ಎಂದಳು. ಅನಘಾಗೆ ಸ್ವರ್ಗಕ್ಕೆ ಮೂರೇ ಗೇಣು. ಸಂಸ್ಥೆಯಲ್ಲೇ ಕೆಲಸಕ್ಕಿದ್ದ ಶಿವಲೀಲಾಳನ್ನು ಕರೆದು ಧ್ವನಿಮುದ್ರಣ ಯಂತ್ರದ ಮುಂದೆ ಕೂರಿಸಿದಳು. ಹೇಗೆ ಕೇಳಬೇಕೆಂದು ಶಿವಲೀಲಾ ಹಿಂತಿರುಗಿ ನೋಡಿದಳು. ಜೊತೆಗೆ ಬಂದಿದ್ದ ಫಕ್ಕೀರವ್ವ, "ದಿನಾ ಮುಂಜಾನೆ ನನ್ನ ಕೇಳ್ತೀಯಲ್ಲ, ಹಂಗ ಕೇಳಿಬಿಡು," ಎಂದಳು. ಶಿವಲೀಲಾ ಹಾಗೆಯೇ ಕೇಳಿಬಿಟ್ಟಳು.

ಎರಡನೆಯ ಬೇಸಿಗೆಯಲ್ಲಿ ಶೆಡ್ಡಿಗೆ ಹೋದ ಶಿವಲೀಲಾ ಗೋಡೆಗೆ ಕೈಯಿಟ್ಟು ನೋಡಿದಳು. ಅದು ಉಗುರುಬೆಚ್ಚಗಿತ್ತು. ನೇರ ಅನಘಾಳ ಹತ್ತಿರ ಓಡಿದಳು.

"ಮೇಡಂ, ಗ್ವಾಡಿ ಕೆಟ್ಟೈತ್ರಿ."

ಅನಘಾ ಕಂಪ್ಯೂಟರಿನ ಪರದೆ ನೋಡಿದಳು. "ಕೆಟ್ಟಿಲ್ಲ. ಹೋದ ವರ್ಷಕ್ಕಿಂತ ಚೆನ್ನಾಗಿ ಕಲಿತಿದೆ. ಆ ಶೆಡ್ಡಿನವರು ಪ್ರತಿ ಸಲವೂ ಆರಾಮ ಅಂತಲೇ ಹೇಳ್ತಿದ್ದಾರೆ. ಅವರ ಮೈ ಒಗ್ಗಿಕೊಂಡಿದೆ ಅಂತ ಯಂತ್ರ ತಿಳಿದುಕೊಂಡಿದೆ. ಉಳಿದ ತಂಪನ್ನ ಹರಾಜುಕಟ್ಟೆಗೆ ಕಳಿಸ್ತಿದೆ. ಅಲ್ಲಿಯ ದೂರು ತುಂಬಾ ಇದೆ."

ಅಳುವ ಮಗುವಿಗೆ ಹಾಲು. ಹರಾಜುಕಟ್ಟೆಯ ದಲ್ಲಾಳಿಗಳು ಶಿವಲೀಲಾಳ ದನಿಗಾಗಲಿ ಮತ್ತೊಬ್ಬರ ದನಿಗಾಗಲಿ ಆರಾಮ ಎಂದವರಲ್ಲ. ಅವರು ಮಳೆ ಬಂದರೂ ಗೊಣಗುವ ಜನ, ಬರದಿದ್ದರೂ ಗೊಣಗುವ ಜನ.

"ಅದು ಉತ್ತರ ಅಲ್ರಿ ಮೇಡಂ. ನಮ್ಮ ಕಡೆ ಆರಾಮ ಅನ್ನೋದು ರೂಢಿ. ಜ್ವರ ಬಂದು ಮಲಗಿದೋರೂ ಆರಾಮ ಅಂತಾರ."

"ಹಾಗಾದರೆ ಅವರ ಮಾತನ್ನ ಅವರೇ ನಂಬೋದಿಲ್ಲ ಅಂತ ನಾನು ತೀರ್ಮಾನ ಮಾಡ್ಲಾ, ಶಿವಲೀಲಾ? ಬಡವರು ಹೇಳೋದು ಒಂದು, ಅರ್ಥ ಇನ್ನೊಂದು ಅನ್ನೋ ಅಹಂಕಾರದಿಂದಲೇ ಎಷ್ಟು ಯೋಜನೆ ಹಾಳಾಗಿದಾವೆ, ಗೊತ್ತಾ?"

ಒಳ್ಳೆಯವರ ಜೊತೆ ವಾದ ಮಾಡುವುದು ಕೆಟ್ಟವರ ಜೊತೆ ಮಾಡುವುದಕ್ಕಿಂತ ಕಷ್ಟ.

ಮನೆಗೆ ಬಂದು ಅಕ್ಕನಿಗೆ ಹೇಳಿದಳು. "ಅಕ್ಕಾ, ನಾಳಿಂದ ಗ್ವಾಡಿ ಕೇಳಿದ್ರ ಸುಡಾಕತ್ತೇತಿ ಅನ್ನು. ನೀನಂದ್ರ ಸಾಲೆಲ್ಲಾ ಅಂತೈತಿ."

ಫಕ್ಕೀರವ್ವ ರೊಟ್ಟಿ ತಟ್ಟುತ್ತ ನಕ್ಕಳು. "ಕೇಳಾಕಿ ನೀನು. ಆರಾಮ ಏನ ಅಂತ ನೀ ಕೇಳಿದ್ರ, ಇಲ್ಲ ಅಂತ ಹೆಂಗ ಅನ್ಲಿ? ಬಾಯಿ ಬರಂಗಿಲ್ಲ."

"ಅದು ನಾನಲ್ಲಬೇ, ಯಂತ್ರ!"

"ಗೊತ್ತೈತಿ. ಗೊತ್ತಿದ್ರೂ ಬಾಯಿ ಬರಂಗಿಲ್ಲ."

ಯುಗಾದಿ ಮುಗಿದ ವಾರದಲ್ಲೇ ಅದು ನಡೆಯಿತು. ಮಧ್ಯಾಹ್ನ ಫಕ್ಕೀರವ್ವನ ಬೆವರು ನಿಂತುಹೋಗಿತ್ತು, ಮಾತು ತೊದಲುತ್ತಿತ್ತು. ಹುಸೇನಬಿ, "ಹೊರಗ ಹೋಗಿ ನೀರ್ ಕುಡಿಯೇ," ಎನ್ನುತ್ತಿರುವಾಗಲೇ ಗೋಡೆ ಎಂದಿನ ಅಕ್ಕರೆಯಿಂದ ಕೇಳಿತು. ಫಕ್ಕೀರವ್ವ ಗೋಡೆಯ ಕಡೆ ಮುಖ ಎತ್ತಿ, "ಆರಾಮ ನೋಡವ್ವಾ," ಎಂದು ಮೆಣಸಿನಕಾಯಿ ರಾಶಿಯ ಮೇಲೆ ಒರಗಿದಳು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಸಂಸ್ಥೆಯವರು ಬಂದರು. ಅನಘಾ ನಿಜವಾಗಿಯೂ ಅತ್ತಳು. ಆಮೇಲೆ ಫಕ್ಕೀರವ್ವನ ಮನೆಯಂಗಳದಲ್ಲೇ ಮತ್ತೆ ಸಭೆ ಕರೆದಳು, ಏಕೆಂದರೆ ತಪ್ಪಿನಿಂದ ಕಲಿಯಬೇಕು, ಕಲಿಯುವುದಾದರೆ ಜನರಿಂದಲೇ ಕಲಿಯಬೇಕು. ಹೆಂಗಸರು ಬಂದವರಿಗೆ ಚಾಪೆ ಹಾಸಿ ಚಹಾ ಕೊಟ್ಟರು. ದುಃಖದಲ್ಲಿ ಮನೆಗೆ ಬಂದವರ ಮನಸ್ಸು ನೋಯಿಸಬಾರದಲ್ಲ! "ಗ್ವಾಡಿ ಏನ್ ಮಾಡೀತ್ರಿ, ಆಕಿ ಆಯುಷ್ಯ ಅಷ್ಟ ಇತ್ತು," ಎಂದು ಒಬ್ಬಳೆಂದರೆ, "ನಿಮ್ಮಿಂದ ಭಾಳ ಉಪಕಾರ ಆಗೇತ್ರಿ," ಎಂದಳು ಇನ್ನೊಬ್ಬಳು.

ಶಿವಲೀಲಾ ಎದ್ದು ನಿಂತಳು. "ನನ್ನ ದನಿ ತೆಗೀರಿ. ಮೊದಲಿನ ಪರಕೀ ದನಿನೇ ಹಾಕ್ರಿ. ಆಕಿಗೆ ಇವರು ಖರೇ ಹೇಳ್ತಿದ್ರು."

ಅನಘಾ ಹೆಂಗಸರನ್ನು ಕೇಳಿದಳು. ಅವರು ಒಟ್ಟಾಗಿ ತಲೆ ಅಲ್ಲಾಡಿಸಿದರು. ಹುಸೇನಬಿ ಕಣ್ಣೊರೆಸಿಕೊಂಡು, "ಬ್ಯಾಡ್ರಿ. ಫಕ್ಕೀರವ್ವನ ತಂಗಿ ದನಿ ಅದು. ಅದ ಕೇಳಿದ್ರ ಆಕಿ ಇಲ್ಲೇ ಕುಂತಂಗ ಆಕ್ಕೈತಿ," ಎಂದಳು.

"ನೋಡು ಶಿವಲೀಲಾ," ಎಂದಳು ಅನಘಾ, ಮೆಲ್ಲಗೆ ಅವಳ ಹೆಗಲ ಮೇಲೆ ಕೈಯಿಟ್ಟು. "ನಿನ್ನ ಸಂಕಟ ನನಗೆ ಅರ್ಥವಾಗ್ತದೆ. ಆದರೆ ಒಬ್ಬರ ದುಃಖಕ್ಕಾಗಿ ಎಲ್ಲರ ಅಭಿಪ್ರಾಯ ತಳ್ಳಿಹಾಕೋಕಾಗಲ್ಲ. ನೀನೂ ಸಾಲಿನಲ್ಲಿ ಕೂತು ಗೋಡೆಗೆ ಹೇಳಬಹುದಲ್ಲ? ಅದು ಯಾರು ಹೇಳಿದರೂ ಕೇಳ್ತದೆ."

ಸರಿ, ಹಾಗೇ ಆಗಲಿ ಎಂದುಕೊಂಡಳು ಶಿವಲೀಲಾ. ಸಂಸ್ಥೆಯ ಕೆಲಸಕ್ಕೆ ರಜೆ ಹಾಕಿ ಮರುದಿನ ಸಾಲಿನ ತಲೆಗೆ, ಅಕ್ಕ ಕೂರುತ್ತಿದ್ದ ಗೋಣಿಚೀಲದ ಮೇಲೆ ಕೂತಳು. ತಗಡು ಕಾಯುತ್ತ ಬಂತು. ಖಾರ ಏರಿ ಬೆರಳುಗಳು ಉರಿಯತೊಡಗಿದವು, ಗಂಟಲು ಒಣಗಿ ಕಡ್ಡಿಯಾಯಿತು, ಕಣ್ಣಿಗೆ ಕತ್ತಲೆ ಬಂದಂತಾಯಿತು. ಇದನ್ನು ಅಕ್ಕ ದಿನವೂ ಉಂಡಿದ್ದಳು ಎಂದು ನೆನೆದು ಅವಳಿಗೆ ಸಿಟ್ಟು ಬಂತು, ಗೋಡೆಯ ಮೇಲೆ, ಅನಘಾಳ ಮೇಲೆ, ಅಕ್ಕನ ಮೇಲೂ. ಸುಡಾಕತ್ತೇತಿ, ಸಾಯಾಕತ್ತೇವಿ ಎಂದು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಕಾದಳು. ಸಾಲಿನವರೆಲ್ಲ ಅವಳು ಏನೆನ್ನುತ್ತಾಳೋ ಎಂದು ನೋಡುತ್ತಿದ್ದರು.

"ಆರಾಮ ಅದೀರೇನವ್ವಾ?" ಎಂದು ಗೋಡೆ ಕೇಳಿತು.

ದಿನವೂ ಮುಂಜಾನೆ ಒಲೆಯ ಮುಂದೆ ಅಕ್ಕನನ್ನು ಕೇಳುತ್ತಿದ್ದ ತನ್ನದೇ ದನಿ. ಅದಕ್ಕೆ ಉತ್ತರ ಕೊಡಲು ಮನೆಯಲ್ಲಿ ಈಗ ಯಾರೂ ಇರಲಿಲ್ಲ. ಶಿವಲೀಲಾಳ ಬಾಯಿ ತಾನಾಗಿ ತೆರೆಯಿತು.

"ಆರಾಮ ನೋಡವ್ವಾ," ಎಂದಳು.

ಹುಸೇನಬಿ ಆರಾಮ ಎಂದಳು. ಅವಳ ಪಕ್ಕದವಳೂ ಎಂದಳು. ಸಾಲು ಮುಗಿಯಿತು, ಗೋಡೆಯೊಳಗಿನ ನೀರು ಇನ್ನೊಂದಿಷ್ಟು ನಿಧಾನವಾಗಿ ಹರಿಯತೊಡಗಿತು.