ಇಪ್ಪತ್ತು ಡಿಗ್ರಿಯ ಕೋಣೆ

ನುಸ್ರತ್ ಮೆಟ್ಟಿಲು ಹತ್ತಿ ಬಂದಾಗ ಕುಶಲಾ ತಲೆಯೆಣ್ಣೆಯ ಬಾಟಲಿಯನ್ನು ಬಿಸಿಲಿಗಿಟ್ಟು, ಕೂದಲು ಬಿಚ್ಚಿಕೊಂಡು ಮಹಡಿಯಲ್ಲಿ ಕೂತಿದ್ದಳು. ಡಿಸೆಂಬರಿನ ಬುಧವಾರ ಬೆಳಿಗ್ಗೆ. ನುಸ್ರತ್ ಸ್ಟೀಲಿನ ಡಬ್ಬಿಯನ್ನು ಮೇಜಿಗೆ ಕುಕ್ಕಿದ ಸದ್ದಿಗೆ ಬರ್ತಾ ಬಾಯಿ ಪೇಪರು ಮಡಚಿದರು.

"ಬಾಯಿ, ಇದರಲ್ಲಿ ಹತ್ತು ವಾಲ್ವು ಉಂಟು. ನಿನ್ನೆ ಮಣಿಪಾಲದ ಲ್ಯಾಬಿನಲ್ಲಿ ಹತ್ತೂ ಸಿಕ್ಕಿಕೊಂಡವು. ವರ್ಕ್‌ಶಾಪಿಗೆ ತಂದು ನೋಡಿದರೆ ಹತ್ತೂ ಸರಿ ಉಂಟು. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ."

ಬರ್ತಾ ಬಾಯಿ ಮೂವತ್ತು ವರ್ಷ ಕಾಲೇಜಿನ ಪ್ರಯೋಗಾಲಯದಲ್ಲಿ ಅಳತೆ ಕಲಿಸಿ ನಿವೃತ್ತರಾದವರು. ಪರ್ಕಳದಲ್ಲಿ ಏನು ಕಳವಾದರೂ ಜನ ಮೊದಲು ಬರುವುದು ಈ ಮಹಡಿಗೆ, ಆಮೇಲೆ ಠಾಣೆಗೆ. ಕೆಳಗೆ ಹೊಲಿಗೆ ಅಂಗಡಿ ಇಟ್ಟಿರುವ ಕುಶಲಾ ಹನ್ನೊಂದು ವರ್ಷದಿಂದ ಅವರ ಜತೆಗಾತಿ. ಅವರನ್ನು ಸ್ಕೂಟರಿನಲ್ಲಿ ಒಯ್ಯುವವಳೂ ಅವಳೇ.

ನುಸ್ರತ್ ಒಂದೇ ಉಸಿರಿನಲ್ಲಿ ಹೇಳಿದಳು. ಆಸ್ಪತ್ರೆಯ ಉಸಿರಾಟದ ಯಂತ್ರಕ್ಕೆ ಬೇಕಾದ ವಾಲ್ವುಗಳನ್ನು ಇಲ್ಲಿಯೇ ಮಾಡುವ ಸಣ್ಣ ಘಟಕಗಳಿಗೆ ಸರಕಾರ ಯಂತ್ರ ಕೊಳ್ಳಲು ಅನುದಾನ ಕೊಡುತ್ತದೆ. ಜಿಲ್ಲೆಯಲ್ಲಿ ಉಳಿದದ್ದು ಒಂದೇ ಸ್ಥಾನ. ಮೊದಲ ಹೆಸರು ಅವಳದು, ಎರಡನೆಯದು ಕಾರ್ಕಳದ ಲೆಸ್ಟರ್‌ನದು. ಮಾದರಿ ಪಾಸಾದರೆ ಅನುದಾನದ ಜೊತೆ ದೊಡ್ಡ ಕಂಪನಿಯ ಐದು ವರ್ಷದ ಆರ್ಡರು. ಇಲ್ಲವಾದರೆ ಅವಳ ವರ್ಕ್‌ಶಾಪಿಗೆ ಪುನಃ ಗೇಟು, ಗ್ರಿಲ್ಲಿನ ಕೆಲಸವೇ. ಮರುಪರೀಕ್ಷೆಗೆ ನಾಳೆ ಮಧ್ಯಾಹ್ನದ ತನಕ ಮಾತ್ರ ಸಮಯ.

"ಯಾರ ಮೇಲೆ ಸಂಶಯ?"

"ವರ್ಕ್‌ಶಾಪಿನ ಪುತ್ತುಬ್ಬಾಕನ ಮೇಲೆ. ಹೊಸ ಯಂತ್ರ ಬಂದರೆ ಕೈಯಲ್ಲಿ ಉಜ್ಜಿ ಜೋಡಿಸುವವರು ಬೇಡವಲ್ಲ. ಅರ್ಜಿ ತುಂಬಿಸಿಕೊಟ್ಟ ಬ್ರಯಾನ್ ಕೂಡ ಅದನ್ನೇ ಹೇಳಿದ. ನಾಳೆಯಿಂದ ಬರಬೇಡಿ ಅಂದುಬಿಟ್ಟೆ." ಅವಳ ಧ್ವನಿ ಸಣ್ಣದಾಯಿತು. "ಇಪ್ಪತ್ತೆರಡು ವರ್ಷದಿಂದ ಇದ್ದವರು. ಬಾಗಿಲಿನ ಕೀಲಿ ಮೇಜಿನ ಮೇಲಿಟ್ಟು ಹೋದರು."

ಬಾಯಿ ಒಂದು ವಾಲ್ವನ್ನು ಎತ್ತಿ ಓರೆ ಮಾಡಿದರು. ಒಳಗಿನ ಪಿಸ್ಟನ್ನಿನಂಥ ಸಣ್ಣ ಕೊಂತ ತನ್ನ ಭಾರಕ್ಕೆ ತಾನೇ ಜಾರಿತು. ಅದನ್ನು ಹೊರಗೆಳೆದು ಬಿಳಿ ಕರವಸ್ತ್ರಕ್ಕೆ ಒರಸಿದರು. ಜಿಡ್ಡು ಹತ್ತಿತು, ಬಣ್ಣ ಹತ್ತಲಿಲ್ಲ. ಕರವಸ್ತ್ರವನ್ನು ಮೂಗಿನ ಹತ್ತಿರ ಹಿಡಿದರು.

"ಕುಶಲಾ, ಸ್ಕೂಟರ್ ತೆಗಿ."

ವರ್ಕ್‌ಶಾಪಿನಲ್ಲಿ ಫಾತಿಮಾ ಬೇರೆ ವಾಲ್ವುಗಳನ್ನು ಎಣ್ಣೆಕಾಗದದಲ್ಲಿ ಸುತ್ತುತ್ತಿದ್ದಳು. ಇಲ್ಲಿಗೆ ಬರುವ ಮೊದಲು ಇಪ್ಪತ್ತು ವರ್ಷ ಬೀಡಿ ಕಟ್ಟಿದವಳು. ಕಾಗದ ಸುರುಳಿ ಮಾಡಿ, ಹೆಬ್ಬೆರಳಿನ ಉಗುರಿನಿಂದ ಎರಡೂ ತುದಿಯನ್ನು ಒಳಕ್ಕೆ ಒತ್ತಿದಳು. ಬೀಡಿಯ ಬಾಯಿ ಮುಚ್ಚಿದ ಹಾಗೆಯೇ ಕಂಡಿತು. ಅವಳ ಬೆರಳೆಲ್ಲ ಕೆಂಪು. ಡಬ್ಬದಲ್ಲಿದ್ದ ಯಂತ್ರದ ಎಣ್ಣೆಯ ಬಣ್ಣ.

"ಸೋಮವಾರದ ಹತ್ತನ್ನೂ ನೀನೇ ಸುತ್ತಿದ್ದಾ?"

"ಮತ್ತೆ ಯಾರು ಬಾಯಿ? ಪುತ್ತುಬ್ಬಾಕ ತಲಾ ಒಂದು ಹನಿ ಈ ಎಣ್ಣೆ ಬಿಟ್ಟರು, ನಾನು ಸುತ್ತಿದೆ. ಈ ಕುಶಲಕ್ಕ ದಿನಕ್ಕೆ ಎರಡು ರವಿಕೆ ಹೊಲಿದು ಸುಸ್ತು ಅನ್ನುತ್ತಾಳೆ. ನಾನು ದಿನಕ್ಕೆ ಸಾವಿರ ಬೀಡಿಯ ಬಾಯಿ ಮುಚ್ಚಿದವಳು!"

"ನಿನ್ನ ಬಾಯಿ ಮುಚ್ಚುವವರು ಮಾತ್ರ ಇಲ್ಲ, ಅಲ್ವಾ?" ಎಂದಳು ಕುಶಲಾ.

ಕೈ ತೊಳೆಯುವ ಬೇಸಿನ್ನಿನ ಪಕ್ಕ ತೆಂಗಿನೆಣ್ಣೆಯ ಬಾಟಲಿ ಇತ್ತು. ಕೈಯ ಮಸಿ ಹೋಗಲಿಕ್ಕೆ ಪುತ್ತುಬ್ಬ ಇಟ್ಟುಕೊಂಡದ್ದು. ಬಾಯಿ ಅದನ್ನೂ ನೋಡಿದರು.

ಅಷ್ಟರಲ್ಲಿ ಬ್ರಯಾನ್ ಬಂದ. ಇಸ್ತ್ರಿ ಮಾಡಿದ ಅಂಗಿ, ಕಡಿಯಾಳಿಯಲ್ಲಿ ಕಚೇರಿ, ಎಲ್ಲರಿಗೂ ನಗು. "ಬಾಯಿ, ನೀವು ಸುಮ್ಮನೆ ತಲೆಬಿಸಿ ಮಾಡಬೇಡಿ. ಸೋಮವಾರ ಮೂರು ಗಂಟೆಗೆ ನನ್ನ ಕೈಗೆ ಡಬ್ಬಿ ಕೊಟ್ಟರು. ಹಾಗೇ ಒಯ್ದು ಲ್ಯಾಬಿನ ಆಶ್ಲಿಗೆ ಕೊಟ್ಟೆ. ಮುಚ್ಚಳ ಕೂಡ ತೆಗೆಯಲಿಲ್ಲ. ಆ ಪುತ್ತುಬ್ಬ ಮುದುಕರದ್ದೇ ಕೆಲಸ ಇದು."

ಎಂಟು ನಿಮಿಷದಲ್ಲಿ ಕುಶಲಾ ಮಣಿಪಾಲ ಮುಟ್ಟಿಸಿದಳು. ಆಶ್ಲಿ ಬಾಗಿಲು ತೆರೆದಾಗ ಅವಳು ಸೆರಗು ಹೊದ್ದುಕೊಳ್ಳಬೇಕಾಯಿತು. ಹೊರಗೆ ಧಗೆ, ಒಳಗೆ ಆಶ್ಲಿ ಸ್ವೆಟರ್ ಹಾಕಿದ್ದ.

"ಹಗಲು ರಾತ್ರಿ ಇಪ್ಪತ್ತು ಡಿಗ್ರಿ," ಎಂದ. "ವಾಲ್ವುಗಳು ಒಂದು ರಾತ್ರಿ ಇಲ್ಲಿದ್ದೇ ಆಗಬೇಕು. ಆಮೇಲೆ ಪರೀಕ್ಷೆ. ಅದು ನಿಯಮ."

"ಬ್ರಯಾನ್ ಎಷ್ಟು ಹೊತ್ತಿಗೆ ಬಂದ?"

"ಆರಕ್ಕೆ. ರಸ್ತೆ ಕೆಲಸ, ಬ್ಲಾಕ್ ಅಂದ. ಲೆಸ್ಟರ್‌ನ ಡಬ್ಬಿಯನ್ನೂ ಕಳೆದ ವಾರ ಅವನೇ ತಂದದ್ದು."

"ವಾಲ್ವು ಸುತ್ತಿದ ಕಾಗದ ಉಂಟಾ?"

ಆಶ್ಲಿ ಕಸದ ಬುಟ್ಟಿ ತಂದ. ಹತ್ತು ಕಾಗದಗಳು, ಪ್ರತಿಯೊಂದರ ಎರಡೂ ತುದಿಯಲ್ಲಿ ಪೆಪ್ಪರ್‌ಮಿಂಟಿನ ಕಾಗದದ ಹಾಗೆ ತಿರುಚಿದ ಸುಕ್ಕು. ಬಾಯಿ ಅವನ್ನು ಚೀಲಕ್ಕೆ ಹಾಕಿಕೊಂಡರು. ನುಸ್ರತ್ ತಂದ ಡಬ್ಬಿಯಿಂದ ಏಳು ವಾಲ್ವನ್ನು ಸ್ಪಿರಿಟಿನಲ್ಲಿ ತೊಳೆಸಿ, ತಾವೇ ತಂದ ಕೆಂಪು ಎಣ್ಣೆ ಹನಿಸಿದರು. ಮೂರನ್ನು ಹಾಗೇ ಬಿಟ್ಟರು. ಹತ್ತೂ ಆ ರಾತ್ರಿ ಲ್ಯಾಬಿನಲ್ಲಿ ಉಳಿದವು. ಬೀಗಕ್ಕೆ ಬಾಯಿಯ ಮೊಹರು ಬಿತ್ತು.

ಗುರುವಾರ ಹತ್ತು ಗಂಟೆಗೆ ಎಲ್ಲರೂ ಆ ಚಳಿಯ ಕೋಣೆಯಲ್ಲಿ ನಿಂತಿದ್ದರು. ಜಿಲ್ಲೆಯ ಕೈಗಾರಿಕಾ ಅಧಿಕಾರಿ ಪದೇ ಪದೇ ಗಡಿಯಾರ ನೋಡುತ್ತಿದ್ದರು. ಪುತ್ತುಬ್ಬ ಬಾಗಿಲ ಹತ್ತಿರ, ಯಾರ ಮುಖವನ್ನೂ ನೋಡದೆ.

ಆಶ್ಲಿ ತೊಳೆದ ಏಳನ್ನು ಒಂದೊಂದಾಗಿ ಓರೆ ಮಾಡಿದ. ಏಳೂ ಜಾರಿದವು. ತೊಳೆಯದ ಮೂರು ಅಲುಗಲಿಲ್ಲ. ಬಾಯಿ ಒಂದರ ಕೊಂತವನ್ನು ಇಕ್ಕಳದಿಂದ ಎಳೆದು ಅಧಿಕಾರಿಗೆ ತೋರಿಸಿದರು. ಅದರ ಮೇಲೆ ಮೇಣದಂಥ ಬಿಳಿ ಪೊರೆ.

"ತೆಂಗಿನೆಣ್ಣೆ. ವರ್ಕ್‌ಶಾಪಿನ ಧಗೆಯಲ್ಲಿ ನೀರು, ಇಲ್ಲಿ ಗಟ್ಟಿ. ಡಿಸೆಂಬರಿನಲ್ಲಿ ಕುಶಲಾ ಬಾಟಲಿ ಬಿಸಿಲಿಗಿಡುವುದು ಇದಕ್ಕೇ. ಹಾಗಾಗಿ ಅಲ್ಲಿ ಜಾರಿದ್ದು ಇಲ್ಲಿ ಸಿಕ್ಕಿಕೊಂಡಿತು."

"ನಾನು ಹೇಳಿದೆನಲ್ಲ," ಎಂದ ಬ್ರಯಾನ್. "ಬಾಟಲಿ ಯಾರದ್ದು ಅಂತ ಎಲ್ಲರಿಗೂ ಗೊತ್ತು."

"ನೀನು ಲೆಕ್ಕ ಹಾಕಿದ್ದೂ ಅದನ್ನೇ. ಆದರೆ ಪುತ್ತುಬ್ಬ ಈ ಕೋಣೆಗೆ ಕಾಲಿಟ್ಟದ್ದು ಇವತ್ತೇ ಮೊದಲು. ಇಲ್ಲಿ ರಾತ್ರಿಯಿಡೀ ತಣ್ಣಗಿಡುತ್ತಾರೆಂದು ಅವರಿಗೆ ತಿಳಿಯದು. ತಿಳಿದವರು ಇಬ್ಬರು, ಆಶ್ಲಿ ಮತ್ತು ಮೊದಲೇ ಇಲ್ಲಿಗೆ ಲೆಸ್ಟರ್‌ನ ಡಬ್ಬಿ ತಂದವನು. ಆಶ್ಲಿ ಮಾಡಿದ್ದರೆ ವಾಲ್ವನ್ನು ತೊಳೆಯದೆ ವಾಪಸು ಕೊಡುತ್ತಿರಲಿಲ್ಲ, ಕಾಗದ ಬುಟ್ಟಿಯಲ್ಲಿ ಉಳಿಯುತ್ತಿರಲಿಲ್ಲ." ಬಾಯಿ ಚೀಲದಿಂದ ಕಾಗದ ತೆಗೆದರು. "ಫಾತಿಮಾ, ಇದು ನಿನ್ನ ಕೈಯದ್ದಾ?"

ಫಾತಿಮಾ ಒಮ್ಮೆ ನೋಡಿದಳು. "ಛೆ! ಇದೆಂತ ಮಿಠಾಯಿಯಾ? ಹೀಗೆ ತಿರುಚಿದರೆ ಬೀಡಿ ಡಿಪೋದವ ಮುಖಕ್ಕೆ ಬಿಸಾಡುತ್ತಿದ್ದ."

"ಫಾತಿಮಾ ತುದಿ ಒತ್ತಿ ಮುಚ್ಚಿದ ಪೊಟ್ಟಣ ಲ್ಯಾಬಿಗೆ ಬರುವಾಗ ತಿರುಚಿದ ಪೊಟ್ಟಣವಾಗಿತ್ತು. ನಡುವೆ ಯಾರೋ ಬಿಚ್ಚಿದ್ದಾರೆ, ಕೆಂಪೆಣ್ಣೆ ತೊಳೆದು ತೆಂಗಿನೆಣ್ಣೆ ಹಾಕಿದ್ದಾರೆ, ಬೀಡಿ ಕಟ್ಟಲು ಬಾರದವರು ಸುತ್ತುವ ಹಾಗೆ ಸುತ್ತಿದ್ದಾರೆ. ಮೂರಕ್ಕೆ ಹೊರಟ ಡಬ್ಬಿ ಎಂಟು ನಿಮಿಷದ ದಾರಿಗೆ ಮೂರು ಗಂಟೆ ತೆಗೆದುಕೊಂಡಿತು. ಅಷ್ಟು ಹೊತ್ತೂ ಅದು ಒಬ್ಬನ ಕೈಯಲ್ಲೇ ಇತ್ತು. ಮುಚ್ಚಳ ಕೂಡ ತೆಗೆಯಲಿಲ್ಲ ಅಂದವನ ಕೈಯಲ್ಲಿ."

ಬ್ರಯಾನ್‌ನ ನಗು ಎಲ್ಲೋ ಹೋಗಿತ್ತು. "ಲೆಸ್ಟರ್‌ಗೆ ಏನೂ ಗೊತ್ತಿಲ್ಲ," ಎಂದ. "ಅನುದಾನ ಬಂದರೆ ಘಟಕದಲ್ಲಿ ಪಾಲು ಕೊಡುತ್ತೇನೆ ಅಂದಿದ್ದ. ನುಸ್ರತ್ ನನಗೆ ಕೊಟ್ಟದ್ದು ಬರೀ ಟೈಪಿಂಗ್ ಚಾರ್ಜು."

"ನೀನು ಮಾಡಿದ್ದು ಟೈಪಿಂಗೇ ಅಲ್ವಾ ಮಾರಾಯ?" ಎಂದಳು ಕುಶಲಾ.

ಅಧಿಕಾರಿ ಉಳಿದ ಮೂರನ್ನೂ ತಮ್ಮೆದುರೇ ತೊಳೆಸಿ ಪರೀಕ್ಷೆ ಮಾಡಿಸಿದರು. ಜಾರಿದವು. ಹನ್ನೊಂದೂವರೆಗೆ ಸಹಿ ಬಿತ್ತು. ಬ್ರಯಾನ್‌ನನ್ನು ಅವರು ತಮ್ಮ ಜೀಪಿನಲ್ಲೇ ಠಾಣೆಗೆ ಕರೆದೊಯ್ದರು.

ನುಸ್ರತ್ ಸಹಿಯ ಹಾಳೆ ಹಿಡಿದು ಹೊರಗೆ ಬಂದಳು. ಪುತ್ತುಬ್ಬ ಬಸ್‌ಸ್ಟಾಪಿನತ್ತ ನಡೆಯುತ್ತಿದ್ದರು. ಅವಳು ಓಡಿಹೋಗಿ ಎದುರು ನಿಂತಳು. ಚೀಲದಿಂದ ಕೀಲಿ ತೆಗೆದು ಚಾಚಿದಳು.

ಪುತ್ತುಬ್ಬ ಕೀಲಿಯನ್ನು ನೋಡಿದರು, ತೆಗೆದುಕೊಳ್ಳಲಿಲ್ಲ. "ಹೊಸ ಯಂತ್ರ ಬಂದ ಮೇಲೆ?"

"ಅದನ್ನು ನಡೆಸುವವರು ಯಾರು ಪುತ್ತುಬ್ಬಾಕ? ನಾನಾ? ಕಲಿಯಲಿಕ್ಕೆ ನಿಮ್ಮನ್ನೇ ಕಳುಹಿಸುವುದು. ನಾಳೆ ಎಂಟಕ್ಕೆ ಬರುತ್ತೀರಾ?"

ಪುತ್ತುಬ್ಬ ಕೀಲಿಯನ್ನು ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು.

"ಏಳೂವರೆಗೆ," ಎಂದರು. "ಬೀಗ ತೆಗೆಯುವುದು ಯಾವಾಗಲೂ ಏಳೂವರೆಗೇ."