ಮೂರು ರೂಪಾಯಿಯ ಕೋಟು

"ಕೈ ತೆಗಿ! ದುಡ್ಡು ಕೊಟ್ಟು ತಗಂಡ ಕೋಟು ಇದು. ಯಾರ ಮನೆಯಿಂದಲೂ ಕದ್ದದ್ದಲ್ಲ!"

"ನನ್ನ ಗಂಡಂದು ಅದು! ಬಿಡ್ತ್ಯಾ, ಇಲ್ಲಾ ಫೌಜದಾರನ್ನ ಕರೀಲಾ?"

ಹೊನ್ನಾವರದ ಬೀರಣ್ಣ ದರ್ಜಿಯ ಅಂಗಡಿಯೊಳಗೆ ಕಪ್ಪು ಉಣ್ಣೆಯ ಕೋಟೊಂದು ಇಬ್ಬರ ಕೈಯಲ್ಲಿ ಸಿಕ್ಕಿ ಜಗ್ಗಾಡುತ್ತಿತ್ತು. ಒಂದು ತೋಳನ್ನು ಆ ಅಂಗಡಿಯಲ್ಲಿ ಗುಂಡಿಗೆ ಕಾಜಾ ಹೊಲಿಯುವ ವೆಂಕ್ಟ್ರಮಣ ಹಿಡಿದಿದ್ದ. ಇನ್ನೊಂದನ್ನು ಬೆಳಗಿನ ಬಸ್ಸಿಗೆ ಕುಮಟೆಯಿಂದ ಬಂದಿಳಿದ ದೇವಮ್ಮ ಹಿಡಿದಿದ್ದಳು. ಬಾಗಿಲಲ್ಲಿ ಅವಳನ್ನು ಕರೆತಂದ ಮೂವರು ನಿಂತಿದ್ದರು: ಧರ್ಮದಂಗಡಿಯ ಅಧ್ಯಕ್ಷೆ ಹೊನ್ನಮ್ಮ ಟೀಚರು, ಆ ಅಂಗಡಿ ನೋಡಿಕೊಳ್ಳುವ ರಾಮ, ಅಲ್ಲಿ ಕೆಲಸಕ್ಕಿದ್ದ ಮಂಜಿ.

ಬೀರಣ್ಣ ಯಂತ್ರದ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿದ. "ಇಬ್ರೂ ಬಿಡಿ. ತೋಳು ಕಿತ್ತು ಬಂದ್ರೆ ಹೊಲಿಯೂದು ನಾನೇ."

ಇಬ್ಬರೂ ಬಿಟ್ಟರು. ಬೀರಣ್ಣ ಹೇಳಿದರೆ ಊರು ಕೇಳುತ್ತಿತ್ತು. ಹರಿದ ಪಂಚೆಯ ಒಂದು ಚೂರು ನೋಡಿ ಕೊಬ್ಬರಿ ಕಳ್ಳನನ್ನು ಅವನು ಹಿಡಿದುಕೊಟ್ಟಂದಿನಿಂದ, ಏನು ಕಳೆದರೂ ಜನ ಪೊಲೀಸ್ ಕಚೇರಿಗಿಂತ ಮೊದಲು ಅವನ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದರು. ಇಪ್ಪತ್ತು ವರ್ಷದಿಂದ ಅವನ ಜೊತೆಗಿದ್ದ ವೆಂಕ್ಟ್ರಮಣನಿಗೆ ಅದೊಂದು ಹೆಮ್ಮೆ. ಇವತ್ತು ತಾನೇ ಕಳ್ಳನೆನಿಸಿಕೊಂಡು ಆ ಮೆಟ್ಟಿಲ ಮೇಲೆ ನಿಂತಂತಾಗಿ ಅವನ ಮೈ ಉರಿಯುತ್ತಿತ್ತು.

ಧರ್ಮದಂಗಡಿ ಶುರುವಾಗಿ ಮೂರು ವರ್ಷವಾಗಿತ್ತು. ಊರಿಗೊಂದು ಹೆರಿಗೆ ಆಸ್ಪತ್ರೆ ಕಟ್ಟಬೇಕೆಂದು ಹೊನ್ನಮ್ಮ ಟೀಚರು ಶರಾವತಿಯ ದೋಣಿ ಹತ್ತುವ ತಾರಿಕಟ್ಟೆಯ ಪಕ್ಕದ ಹಳೆಯ ಗೋದಾಮಿನಲ್ಲಿ ಅದನ್ನು ತೆರೆದಿದ್ದರು. ಉಳ್ಳವರು ತಮಗೆ ಬೇಡವಾದ ಬಟ್ಟೆ, ಪಾತ್ರೆ, ಗಡಿಯಾರಗಳನ್ನು ಮೂಟೆ ಕಟ್ಟಿ ಕಳಿಸುತ್ತಿದ್ದರು. ದೋಣಿ ಕಾಯುವ ಜನ ಒಳಗೆ ನುಗ್ಗಿ ಕೈಹಾಕಿ ಕೆದಕುತ್ತಿದ್ದರು. ಆ ಕೆದಕುವ ಸುಖವೇ ಬೇರೆ. ಎಂಟಾಣೆಗೆ ಬೊಂಬಾಯಿ ರೇಷ್ಮೆ ಸಿಕ್ಕಿದವರೂ ಇದ್ದರು, ಜೋಡಿ ಬೂಟು ಎಂದು ತಗೊಂಡು ಮನೆಗೆ ಹೋಗಿ ಎರಡೂ ಎಡಗಾಲಿನವೇ ಎಂದು ಕಂಡವರೂ ಇದ್ದರು. ತಲೆಕೆಳಗಾಗಿ ಇಟ್ಟರೆ ಮಾತ್ರ ಓಡುವ ಗಡಿಯಾರ ತಂದವನೊಬ್ಬ ಇವತ್ತಿಗೂ ತಲೆ ಕೆಳಗೆ ಮಾಡಿ ಗಂಟೆ ನೋಡುತ್ತಾನೆ ಎಂದು ಜನ ನಗುತ್ತಿದ್ದರು.

ವೆಂಕ್ಟ್ರಮಣ ತನ್ನ ಜನ್ಮದಲ್ಲಿ ನೂರಾರು ಕೋಟುಗಳಿಗೆ ಕಾಜಾ ಹೊಲಿದಿದ್ದ, ಒಂದನ್ನೂ ತೊಟ್ಟಿರಲಿಲ್ಲ. ಹಿಂದಿನ ದಿನ ಬುಧವಾರ ಈ ಕೋಟು ಮೂರೇ ರೂಪಾಯಿಗೆ ಸಿಕ್ಕಾಗ ಅವನ ಕಾಲು ನೆಲದ ಮೇಲಿರಲಿಲ್ಲ. ಬೆಲೆಯ ಚೀಟಿಯನ್ನೂ ಕಿತ್ತಿರಲಿಲ್ಲ. ಎದುರು ಸಿಕ್ಕವರಿಗೆಲ್ಲ ಕೋಟಿನ ಮಗ್ಗುಲು ತೆರೆದು ಅದನ್ನು ತೋರಿಸಿದ್ದ.

"ಈಗ ಹೇಳು ದೇವಕ್ಕ," ಎಂದ ಬೀರಣ್ಣ. "ಕೊಟ್ಟ ದಾನ ವಾಪಸು ಕೇಳೂದು ಎಂತಕ್ಕೆ?"

ದೇವಮ್ಮ ಸೆರಗಿನಿಂದ ಮುಖ ಒರಸಿಕೊಂಡಳು. "ನಮ್ಮವರು ಬೊಂಬಾಯಲ್ಲಿ ಹೋಟೆಲು ನಡೆಸ್ತಿದ್ರು. ತೀರಿಹೋದ ಮೇಲೆ ಅವರ ಬಟ್ಟೆ ನೋಡೂಕಾಗದೆ ಮೂಟೆ ಕಟ್ಟಿ ಕಳಿಸ್ದೆ. ನಿನ್ನೆ ಅವರ ಹಳೇ ಗುಮಾಸ್ತ ಮಾತಾಡ್ಸೂಕೆ ಬಂದ. 'ಕೋಟಿನ ಅಸ್ತರಿನೊಳಗೆ ನಾಕು ಚಿನ್ನದ ಪವನು ಇಟ್ಟು ಹೊಲಿಸಿದ್ರು, ತೆಗೆದ್ರಾ?' ಅಂದ. ನನ್ನ ಜೀವ ಹಾರಿಹೋತು."

ಬೀರಣ್ಣ ಕೋಟನ್ನು ಮೇಜಿನ ಮೇಲೆ ಹಾಸಿ ಒಳಬದಿಯ ಅಸ್ತರನ್ನು ಬೆರಳಿನಿಂದ ಒತ್ತುತ್ತ ಹೋದ. ಎಡಮಗ್ಗುಲಲ್ಲಿ, ಬೆಲೆಯ ಚೀಟಿಯ ಹತ್ತಿರ, ಅವನ ಬೆರಳು ನಿಂತಿತು. ಉಳಿದೆಡೆಯೆಲ್ಲ ನಯವಾದ ರೇಷ್ಮೆ ದಾರ. ಅಲ್ಲಿ ಮಾತ್ರ ಗೇಣುದ್ದ ಒರಟು ಕಪ್ಪು ನೂಲು. ಬ್ಲೇಡು ತಗೊಂಡು ಒಂದು ಹೊಲಿಗೆ ಕೊಯ್ದು ದಾರ ಎಳೆದ. ಬರಲಿಲ್ಲ. ಇನ್ನೊಂದು ಕೊಯ್ದು ಎಳೆದ. ಆಗಲೂ ಬರಲಿಲ್ಲ. ಕೊನೆಗೆ ಗೊಣಗುತ್ತ ಅರ್ಧದವರೆಗೆ ಒಂದೊಂದನ್ನೇ ಕೊಯ್ಯಬೇಕಾಯಿತು. ಒಳಗೆ ಕ್ಯಾನ್ವಾಸಿನ ಮೇಲೆ ನಾಲ್ಕು ದುಂಡನೆಯ ಅಚ್ಚುಗಳಿದ್ದವು. ಪವನಿರಲಿಲ್ಲ.

"ಹೊಲಿಗೆ ಗೊತ್ತಿದ್ದವನೇ ಬಿಚ್ಚಿ ಹೊಲಿದಾನೆ!" ದೇವಮ್ಮ ವೆಂಕ್ಟ್ರಮಣನತ್ತ ಕೈ ತೋರಿದಳು. "ಒಂದು ರಾತ್ರಿ ಇವನ ಮನೇಲಿತ್ತಲ್ಲ!"

ವೆಂಕ್ಟ್ರಮಣ ಬಾಗಿಲತ್ತ ಬೆರಳು ತೋರಿ ಕಿರುಚಿದ. "ನಾನಾ? ಮೂಟೆ ಬಿಚ್ಚೂದು ಯಾರು? ಮಂಜಿ! ಮೊದ್ಲು ಕೈ ಹಾಕೂದು ಯಾರು? ಮಂಜಿ! ನಾನು ಕೇಳದೇ ಇದ್ರೂ ಈ ಕೋಟು ನಂಗೇ ಅಂತ ತೆಗೆದಿಟ್ಟದ್ದೂ ಅವಳೇ. ಎಂತಕ್ಕೆ ಇಟ್ಲು? ಕೇಳಿ ಅವಳನ್ನ!"

ಮಂಜಿ ಒಂದು ಹೆಜ್ಜೆ ಹಿಂದೆ ಸರಿದಳು. ಹೊಳೆಯಾಚೆಯ ಗದ್ದೆ ಕೆಲಸದವರ ಮನೆಯ ವಿಧವೆ ಅವಳು. ವೆಂಕ್ಟ್ರಮಣನನ್ನು ಅಣ್ಣ ಎಂದೇ ಕರೆಯುತ್ತಿದ್ದಳು.

"ಮಂಜಿ," ಎಂದರು ಹೊನ್ನಮ್ಮ ಟೀಚರು, "ಸೆರಗು, ಮಡಿಲು ಜಾಡಿಸಿ ತೋರಿಸು."

ಅಷ್ಟು ಜನರ ಮುಂದೆ ಮಂಜಿ ಸೆರಗು ಜಾಡಿಸಿದಳು. ಎರಡು ಎಲೆ, ಒಂದು ಅಡಿಕೆ ಹೋಳು ಬಿದ್ದವು. ರಾಮ ಮುಖ ತಿರುಗಿಸಿ, "ಪಾಪ, ಬಡತನ ಎಂತ ಮಾಡ್ಸೂದಿಲ್ಲ ಹೇಳಿ," ಎಂದು ನಿಟ್ಟುಸಿರು ಬಿಟ್ಟ.

"ನಾಳೆ ಮಧ್ಯಾಹ್ನದವರೆಗೆ ನೋಡ್ತೇನೆ," ಎಂದರು ಟೀಚರು. "ಆಮೇಲೆ ಇವಳನ್ನು ಫೌಜದಾರರಿಗೆ ಒಪ್ಪಿಸ್ತೇನೆ."

ಒಮ್ಮೆ ಪೊಲೀಸರ ಜೊತೆ ಬೀದಿಯಲ್ಲಿ ನಡೆದರೆ ಮುಗಿಯಿತು. ಆಮೇಲೆ ಸುತ್ತಲಿನ ಯಾವ ಗದ್ದೆಗೂ ಮಂಜಿಯನ್ನು ನಾಟಿಗೆ ಕರೆಯುವವರಿರಲಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಬೀರಣ್ಣ ಬ್ಲೇಡು ಕೆಳಗಿಟ್ಟ. "ತಂಗಿ, ನಂಗೆ ಎರಡು ಮಾತು ಹೇಳು. ಮೂಟೆ ಬಂದ ಮೇಲೆ ಎಂತ ಮಾಡ್ತ್ರಿ?"

"ನಾನು ಟೀಚರಮ್ಮನ ಎದುರೇ ಬಿಚ್ತೆ," ಮಂಜಿ ತಡವರಿಸಿದಳು. "ಬಟ್ಟೆ ಒಂದ್ ಕಡೆ, ಪಾತ್ರೆ ಒಂದ್ ಕಡೆ ಮಾಡ್ತೆ. ರಾಮಣ್ಣ ಒಳಕೋಣೆಗೆ ಒಯ್ದು ಬೆಲೆ ಬರೀತ್ರು. ಆಮೇಲೆ ಚೀಟಿ ಹೊಲಿಯೂದು ನಾನು."

"ಈ ಕೋಟಿಗೆ ಬರೆದದ್ದು ಎಷ್ಟು?"

"ಹನ್ನೆರಡು. 'ಇದು ವೆಂಕ್ಟ್ರಮಣಣ್ಣಗೆ ಇಡುವ' ಅಂದೆ. ಆಗ ರಾಮಣ್ಣ ಅದನ್ನ ಹೊಡೆದುಹಾಕಿ ಮೂರು ಮಾಡಿದ್ರು."

"ಗೆಳೆಯಗೆ ಅಷ್ಟೂ ಮಾಡ್ದಿದ್ರೆ ಹ್ಯಾಂಗೆ?" ಎಂದ ರಾಮ.

ವೆಂಕ್ಟ್ರಮಣ ರಾಮನ ಹೆಗಲ ಮೇಲೆ ಕೈಯಿಟ್ಟ. ಬೆಳಕೆ ಎಂಬ ಊರಿನ ಕಡಲ ದಂಡೆಯಲ್ಲಿ ಒಂದೇ ಬಲೆಯ ಎರಡು ತುದಿ ಹಿಡಿದು ಬೆಳೆದವರು ಅವರಿಬ್ಬರು. ಈ ಊರಲ್ಲಿ ತನ್ನವನೆಂದರೆ ಇವನೊಬ್ಬ ಎಂದುಕೊಂಡ.

ಎಲ್ಲರೂ ಹೋದ ಮೇಲೆ ಬೀರಣ್ಣ ಕೋಟನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ. "ತಗಳುವಾಗ ನೀನು ಎಂತ ನೋಡ್ದೆ?"

"ಕಾಜಾ ನೋಡ್ದೆ. ಬೆಲೆ ನೋಡ್ದೆ."

"ಇಪ್ಪತ್ತು ವರ್ಷ ನನ್ನ ಸಂಗಡ ಇದ್ದು ಅಸ್ತರು ನೋಡ್ಲಿಲ್ಲ. ಅಗ್ಗ ಅಂದ ಕೂಡ್ಲೆ ನಿನ್ನ ಕಣ್ಣು ಮುಚ್ಚಿಹೋತು. ಇವತ್ತು ಸಿಟ್ಟಲ್ಲೂ ಹಾಂಗೇ ಆತು."

ವೆಂಕ್ಟ್ರಮಣ ಸೂಜಿಗೆ ದಾರ ಪೋಣಿಸಿದ.

ಮರುದಿನ ಮಧ್ಯಾಹ್ನ ಧರ್ಮದಂಗಡಿಯ ಬಾಗಿಲು ಹಾಕಿ ಎಲ್ಲರೂ ಒಳಗೆ ಕೂತರು. ಬೀರಣ್ಣ ಹಳೆಯ ಬೆಡ್‌ಶೀಟಿನ ಮೂರು ಹರಿದ ತುಂಡುಗಳನ್ನು ತಂದಿದ್ದ. ಒಂದನ್ನು ಮಂಜಿಗೆ, ಒಂದನ್ನು ರಾಮನಿಗೆ, ಇನ್ನೊಂದನ್ನು ವೆಂಕ್ಟ್ರಮಣನಿಗೆ ಕೊಟ್ಟ. "ಗೇಣುದ್ದ ಹರಿದದೆ. ಹೊಲಿದು ಕೊಡಿ."

"ನಾನೂವಾ?" ವೆಂಕ್ಟ್ರಮಣ ಎದ್ದುನಿಂತ. "ನನ್ನ ಮೇಲೂ ಸಂಶಯವಾ ಬೀರಣ್ಣ ನಿಂಗೆ?"

"ಕೂತ್ಕ. ಹೊಲಿ."

ಹಲ್ಲು ಕಚ್ಚಿಕೊಂಡು ಹೊಲಿದ. ರಾಮ ನಗುತ್ತ, "ನಾನು ಗುಮಾಸ್ತ ಮಾರಾಯ, ದರ್ಜಿಯಲ್ಲ," ಎನ್ನುತ್ತಲೇ ಸೂಜಿ ಹಿಡಿದ. ಮೂವರೂ ಮುಗಿಸಿದ ಮೇಲೆ ಬೀರಣ್ಣ ತುಂಡುಗಳನ್ನು ಸಾಲಾಗಿ ಹಾಸಿದ. ಮಂಜಿಯ ಹೊಲಿಗೆಯನ್ನು ನಡುವೆ ಕತ್ತರಿಸಿ ಎಳೆದ. ದಾರ ಸರ್ರನೆ ಈಚೆ ಬಂತು. ವೆಂಕ್ಟ್ರಮಣನದೂ ಬಂತು. ರಾಮನದನ್ನು ಕತ್ತರಿಸಿ ಎಳೆದ. ಬಟ್ಟೆಯೇ ಸುಕ್ಕಾಯಿತು, ದಾರ ಅಲುಗಲಿಲ್ಲ. ಆಮೇಲೆ ಕೋಟಿನಲ್ಲಿ ಉಳಿದಿದ್ದ ಒರಟು ಹೊಲಿಗೆಯನ್ನು ಕತ್ತರಿಸಿ ಎಳೆದ. ಅದೂ ಅಲುಗಲಿಲ್ಲ.

ವೆಂಕ್ಟ್ರಮಣ ಬಗ್ಗಿ ನೋಡಿದ. ಪ್ರತಿ ಹೊಲಿಗೆಗೂ ಒಂದು ಪುಟ್ಟ ಗಂಟು. ತಲೆ ಎತ್ತಿ ರಾಮನತ್ತ ನೋಡಿದ.

"ಬಲೆ ಹೊಲಿಯೂ ಕೈ ಇದು," ಎಂದ ಬೀರಣ್ಣ. "ಒಂದು ಕಣ್ಣು ಹರಿದ್ರೆ ಪಕ್ಕದ ಕಣ್ಣು ಬಿಚ್ಚಬಾರದು ಅಂತ ಬಲೆಯವರು ಒಂದೊಂದಕ್ಕೂ ಗಂಟು ಹಾಕ್ತ್ರು. ವೆಂಕ್ಟ್ರಮಣ ನನ್ನ ಅಂಗಡಿಗೆ ಬಂದಾಗ ಹೀಂಗೇ ಹೊಲಿತಿದ್ದ. ಬೆರಳ ಗಿಣ್ಣಿಗೆ ಹೊಡೆದು ಹೊಡೆದು ಬಿಡಿಸ್ದೆ. ರಾಮನ್ನ ಯಾರೂ ಹೊಡೀಲಿಲ್ಲ."

"ಬಲೆ ಗೊತ್ತಿದ್ದವ ನಾನೊಬ್ಬನೇಯಾ?" ರಾಮನ ನಗು ಅರ್ಧಕ್ಕೆ ನಿಂತಿತ್ತು. "ಇವಂಗೂ ಗೊತ್ತು. ಒಂದು ರಾತ್ರಿ ಕೋಟು ಇವನ ಮನೇಲಿತ್ತು. ನನ್ನ ಮೇಲೆ ಸಂಶಯ ಬರ್ಲಿ ಅಂತ ಇವನೇ ಹಳೇ ಹೊಲಿಗೆ ಹಾಕಿರ್ಬೋದು!"

ಬೀರಣ್ಣ ಚೀಟಿ ತೋರಿಸಿದ. "ಟೀಚರೇ, ನೋಡಿ. ಚೀಟಿಯ ಹೊಲಿಗೆ ಒರಟು ಹೊಲಿಗೆಯ ಮೇಲಿಂದ ಹಾದುಹೋಗಿದೆ. ಅಂದ್ರೆ ಅಸ್ತರು ಬಿಚ್ಚಿ ಹೊಲಿದದ್ದು ಮೊದಲು, ಚೀಟಿ ಆಮೇಲೆ. ಚೀಟಿ ಇದ್ದ ಹಾಂಗೇ ಕೋಟು ವೆಂಕ್ಟ್ರಮಣನ ಕೈಗೆ ಬಂತು. ಹಾಂಗಾಗಿ ಅವನಲ್ಲ. ಎರಡಕ್ಕೂ ಇದೇ ಅಂಗಡಿಯ ಒರಟು ನೂಲು. ಹಾಂಗಾಗಿ ಕುಮಟೆಯಲ್ಲೂ ಅಲ್ಲ, ದಾರಿಯಲ್ಲೂ ಅಲ್ಲ. ಉಳಿದವರು ಇಬ್ಬರು, ಮಂಜಿ ಮತ್ತು ರಾಮ. ಗದ್ದೆಯಲ್ಲಿ ಬೆಳೆದ ಮಂಜಿಯ ಹೊಲಿಗೆ ಎಂತದು ಅಂತ ಈಗಷ್ಟೇ ಕಂಡ್ರಿ."

"ಮತ್ತೆ ಆ ಮೂರು ರೂಪಾಯಿ?" ಕೇಳಿದ್ದು ವೆಂಕ್ಟ್ರಮಣ. ಅವನ ದನಿ ಅವನಿಗೇ ಗುರುತು ಸಿಗಲಿಲ್ಲ.

"ಯಾವತ್ತಾದ್ರೂ ಯಾರಾದ್ರೂ ಪವನು ಕೇಳ್ಕಂಡು ಬರ್ತ್ರು ಅಂತ ರಾಮಗೆ ಹೆದರಿಕೆ ಇತ್ತು. ಬಿಚ್ಚಿ ಹೊಲಿದ ಕೋಟು ಹೊಲಿಗೆಯವನ ಮನೇಲಿ ಸಿಕ್ರೆ ಜನ ಯಾರನ್ನ ಹಿಡಿತ್ರು? ಮಂಜಿ ನಿನ್ನ ಹೆಸ್ರು ಹೇಳಿದ್ದೇ ಸೈ, ಹನ್ನೆರಡು ಮೂರಾತು. ನೀನು ಬೇಡ ಅನ್ನಬಾರದು ಅಂತ."

ವೆಂಕ್ಟ್ರಮಣ ರಾಮನ ಮುಂದೆ ಹೋಗಿ ನಿಂತ. "ಅಲ್ಲ ಅನ್ನು."

ರಾಮ ನೆಲ ನೋಡಿದ.

"ಅಲ್ಲ ಅನ್ನೋ! ಒಂದೇ ತಾಟಲ್ಲಿ ಉಂಡವರು ನಾವು!"

"ಮೂರು ಪವನು ಮನೇಲಿ ಅಕ್ಕಿ ಮಡಿಕೇಲಿ ಅದೆ," ಎಂದ ರಾಮ ಮೆಲ್ಲಗೆ. "ಒಂದು ಭಟ್ಕಳದಲ್ಲಿ ಮಾರ್ದೆ."

ವೆಂಕ್ಟ್ರಮಣ ಕೈ ಎತ್ತಿದ. ಬೀರಣ್ಣ ಹಿಡಿದುಕೊಂಡ. ಟೀಚರು ಫೌಜದಾರರಿಗೆ ಹೇಳಿಕಳಿಸಿದರು. ಇಬ್ಬರು ಪೊಲೀಸರು ಬಂದು ರಾಮನನ್ನು ಕರೆದೊಯ್ದರು. ದೇವಮ್ಮ ಅವರ ಹಿಂದೆಯೇ ಅಕ್ಕಿ ಮಡಿಕೆ ನೋಡಲು ಓಡಿದಳು. ಮಂಜಿಯ ಕಡೆ ಅವಳು ತಿರುಗಿಯೂ ನೋಡಲಿಲ್ಲ.

ಹೊನ್ನಮ್ಮ ಟೀಚರು ಕನ್ನಡಕ ಒರಸಿಕೊಂಡರು. "ಆದದ್ದು ಆಯ್ತು ಮಂಜಿ. ಸೋಮವಾರ ಮೂಟೆ ಬರ್ತದೆ. ಎಂದಿನ ಹಾಗೆ ಬಾ. ಸಂಬಳ ಸ್ವಲ್ಪ ಹೆಚ್ಚು ಮಾಡುವ."

ಮಂಜಿ ಮೂಟೆ ಕೊಯ್ಯುವ ಕತ್ತಿಯನ್ನು ಮೇಜಿನ ಮೇಲಿಟ್ಟಳು. "ನಿನ್ನೆ ನನ್ನ ಸೆರಗು ಜಾಡಿಸ್ದಾಗ ಎಲೆ ಅಡಿಕೆ ಬಿತ್ತು ಅಮ್ಮಾ. ಅದನ್ನ ಹೆಕ್ಕಿ ಕೊಡ್ಲಿಕ್ಕೂ ಒಬ್ರು ಬಗ್ಗಲಿಲ್ಲ."

"ಮಂಜಿ," ವೆಂಕ್ಟ್ರಮಣ ಮುಂದೆ ಬಂದ. "ನಾನು ಸಿಟ್ಟಲ್ಲಿ ಏನೋ…"

"ಸಿಟ್ಟಲ್ಲಲ್ಲ ಅಣ್ಣಾ. ಹೆದರಿ ಹೇಳಿದ್ದು." ಅವಳ ದನಿ ಏರಲಿಲ್ಲ. "ಎಂತಕ್ಕೆ ತೆಗೆದಿಟ್ಲು ಅಂತ ಕೇಳಿದ್ರಿ. ಊರವರ ಕೋಟಿಗೆಲ್ಲ ಕಾಜಾ ಮಾಡ್ತ್ರಿ, ನಿಮಗೂ ಒಂದು ಇರ್ಲಿ ಅಂತ ತೆಗೆದಿಟ್ಟೆ. ಅಷ್ಟೇಯ."

ಅವಳು ಬಾಗಿಲು ತೆರೆದು ಮೆಟ್ಟಿಲಿಳಿದಳು. ತಾರಿಯ ದೋಣಿ ಹೊರಡುವುದರಲ್ಲಿತ್ತು. ಹುಟ್ಟು ಹಾಕುವವನಿಗೆ ಕೈ ಬೀಸಿ ನಿಲ್ಲಿಸಿ, ಹತ್ತಿ, ಆಚೆ ದಡದ ಕಡೆ ಮುಖ ಮಾಡಿ ಕೂತಳು.

ಸೋಮವಾರ ಮೂಟೆ ಬಂತು. ವೆಂಕ್ಟ್ರಮಣ ಕಾಜಾ ಕೆಲಸ ಬಿಟ್ಟು ಬಂದು ಮಧ್ಯಾಹ್ನದವರೆಗೆ ತಾರಿಕಟ್ಟೆಯಲ್ಲಿ ಕೂತು, ಆಚೆಯಿಂದ ಬಂದ ಒಂದೊಂದು ದೋಣಿಯನ್ನೂ ನೋಡಿದ. ಮುಂದಿನ ಸೋಮವಾರವೂ ನೋಡಿದ. ಮಂಜಿ ಯಾವುದರಿಂದಲೂ ಇಳಿಯಲಿಲ್ಲ.