ನಲವತ್ತೊಂದನೇ ಲಾಟಿನ ಮೂಲ

"ಈ ಸಹಿ ನಿಮ್ಮದೇನಾ?"

ಮೇಜಿನ ಮೇಲೆ ಕಾಗದ ಇಟ್ಟವನನ್ನು ರಕ್ಷಿತಾ ತಲೆಯೆತ್ತಿ ನೋಡಿದಳು. ಮಾಸಿದ ನೀಲಿ ಅಂಗಿ, ಕೊರಳಲ್ಲಿ ಗುರುತಿನ ಚೀಟಿ: ಸಂಕೇತ, ರಫ್ತು ತಪಾಸಣಾಧಿಕಾರಿ, ಕಾರವಾರ.

"ನನ್ನದೇ ಸರ್."

"ಹಾಗಾದ್ರೆ ಇದರಲ್ಲಿರೋ ಸುಳ್ಳೂ ನಿಮ್ಮದೇ."

ಪಕ್ಕದ ಮೇಜಿನವರು ಬರೆಯುವುದನ್ನು ನಿಲ್ಲಿಸಿದರು. ಬೇರೆಯವರಾಗಿದ್ದರೆ ಅಳುತ್ತಿದ್ದರು, ಇಲ್ಲವೇ ಜಗಳಕ್ಕೆ ನಿಲ್ಲುತ್ತಿದ್ದರು. ರಕ್ಷಿತಾಳಿಗೆ ಏನೂ ಅನಿಸಲಿಲ್ಲ.

"ಎಲ್ಲಿದೆ, ತೋರಿಸಿ," ಎಂದಳು, ಕಂಡಕ್ಟರನ ಹತ್ತಿರ ಚಿಲ್ಲರೆ ಕೇಳುವವಳಂತೆ.

ಒಂದು ವರ್ಷದಿಂದ ಅವಳು ಹೀಗೇ. ಮದುವೆಗೆ ಒಂಬತ್ತು ದಿನ ಇದ್ದಾಗ ಹುಡುಗ ಫೋನಿನಲ್ಲಿ ಎರಡೇ ಮಾತಿನಲ್ಲಿ ಬೇಡ ಅಂದಿದ್ದ. ಅಂದು ಒಳಗೆ ಮರಗಟ್ಟಿದ್ದು ಇನ್ನೂ ಸಡಿಲವಾಗಿರಲಿಲ್ಲ. ಉಣ್ಣುತ್ತಿದ್ದಳು, ಮಲಗುತ್ತಿದ್ದಳು, ಅಂಕೋಲೆಯ ಗೇರುಬೀಜದ ಕಾರ್ಖಾನೆಯಲ್ಲಿ ರಫ್ತಿನ ಕಾಗದ ಬರೆಯುತ್ತಿದ್ದಳು. ಅಷ್ಟೇ.

ಕಾರ್ಖಾನೆಯಲ್ಲಿ ಎರಡು ಶೆಡ್ಡು. ಒಂದರಲ್ಲಿ ಮಂಜಗುಣಿ, ಬಾಳೆಗುಳಿ ಕಡೆಯ ರೈತರಿಂದ ಕೊಂಡ ಬೀಜ. ಇನ್ನೊಂದರಲ್ಲಿ ಹಡಗಿನಲ್ಲಿ ಬಂದ ಆಫ್ರಿಕದ ಬೀಜ. ಖರೀದಿದಾರನ ದೇಶದ ಜೊತೆಗಿನ ಒಪ್ಪಂದದಂತೆ, ಇಲ್ಲೇ ಬೆಳೆದ ಬೀಜದ ತಿರುಳಿಗೆ ಮಾತ್ರ ಸುಂಕದ ರಿಯಾಯಿತಿ. ನಲವತ್ತೊಂದನೇ ಲಾಟು ಪೂರ್ತಿ ಊರಿನ ಬೀಜದ್ದು ಎಂದು ರಕ್ಷಿತಾ ಸಹಿ ಹಾಕಿದ್ದಳು.

"ಈ ಲಾಟಿನ ಎರಡು ಟನ್ ಬೀಜ ಒಡೆದ್ರೆ ನಿಮ್ಮಲ್ಲಿ ಹೆಚ್ಚಂದ್ರೆ ಐನೂರಾ ಅರವತ್ತು ಕಿಲೋ ತಿರುಳು ಬರ್ತದೆ. ಇಲ್ಲಿ ಐನೂರಾ ತೊಂಬತ್ತೊಂದಿದೆ. ಉಳಿದ ಮೂವತ್ತೊಂದು ಕಿಲೋ ಎಲ್ಲಿಂದ ಬಂತು?"

"ಗೊತ್ತಿಲ್ಲ ಸರ್."

ಅವನು ಅವಳ ಮುಖವನ್ನೇ ನೋಡಿದ. "ಸುಳ್ಳು ಅಂದದ್ದು ನನ್ನ ತಪ್ಪು," ಎಂದು ಕುರ್ಚಿ ಎಳೆದುಕೊಂಡ.

ಎರಡು ವಾರದಲ್ಲಿ ಅವನು ಐದು ಸಲ ಬಂದ. ಇಬ್ಬರೂ ಕೂತು ರೈತರ ಚೀಟಿಗಳನ್ನು ಒಂದೊಂದಾಗಿ ಹೊಂದಿಸಿದರು. ಅವಳು ಊಟ ತರದ ದಿನ ಅವನು ತನ್ನ ಡಬ್ಬಿಯನ್ನು ಮಾತಿಲ್ಲದೆ ಮುಂದೆ ತಳ್ಳಿ ಚೀಟಿ ಓದುತ್ತ ಕೂತ. ಆಮೇಲೊಂದು ದಿನ ಅವನು ಬರಲಿಲ್ಲ. ತಾನು ನಾಲ್ಕು ಸಲ ಗೇಟಿನತ್ತ ನೋಡಿದ್ದು ಅವಳಿಗೆ ಸಂಜೆ ನೆನಪಾಯಿತು.

ಯಾಕೆ ನೋಡಿದೆ...?

ಮೂವತ್ತೊಂದು ಕಿಲೋದ ಗುಟ್ಟು ಒಡೆದದ್ದು ಬೊಮ್ಮಿ. ಆಫ್ರಿಕದ ಬೀಜದ ಶೆಡ್ಡಿನಲ್ಲಿ ಅವಳೇ ಹಿರಿಯಳು.

"ಅದೆಂತಾ ಗುಟ್ಟು ತಂಗೀ? ಭಾರತಿ ಹೆರಿಗಿಗೆ ಹೋಗಿದ್ಲಲ. ಬುಟ್ಟಿ ತೂಕಕ್ಕೇ ಪಗಾರ, ಅವ್ಳದ್ದು ತಪ್ಪಬಾರ್ದು ಅಂತ ದಿನಾ ಸಂಜಿಗೆ ನಾವೆಲ್ಲ ಒಂದೊಂದು ಬೊಗಸಿ ತಿರುಳು ಅವ್ಳ ಬುಟ್ಟಿಗೆ ಹಾಕ್ತಿದ್ವು. ನನ್ನ ಹೆರಿಗಿಗೂ ಹಾಕಿದ್ರು."

"ಭಾರತಿ ಊರಿನ ಬೀಜದ ಶೆಡ್ಡಿನವಳಲ್ವಾ?"

"ಬುಟ್ಟಿಗೆಂತಾ ಶೆಡ್ಡು ಮಾರಾಯ್ತಿ? ಬಾಣಂತಿ ಹೊಟ್ಟಿ ಯಾವ ಶೆಡ್ಡಿಂದು?"

ಇಪ್ಪತ್ತು ಹೆಂಗಸರು, ಹನ್ನೆರಡು ದಿನ, ಬೊಗಸೆಗೆ ನೂರಾ ಮೂವತ್ತು ಗ್ರಾಮು. ಲೆಕ್ಕ ಸರಿಹೋಯಿತು.

ಮಾಲೀಕ ರಾಮನಾಥ ಬಾಗಿಲು ಹಾಕಿ ಹೇಳಿದ: "ತಕ್ಕಡಿ ಕೆಟ್ಟಿತ್ತು ಅಂತ ಬರೆದುಕೊಡು. ನಿಜ ಬರೆದು ಖರೀದಿದಾರ ಕೈಬಿಟ್ರೆ, ಆ ಇಪ್ಪತ್ತು ಜನರನ್ನೂ ನಿನ್ನನ್ನೂ ನಾ ಇಟ್ಕೊಳ್ಳೂಕಾಗೂದಿಲ್ಲ."

ಅಂದು ಸಂಜೆ ಬಾಳೆಗುಳಿಯ ಬಸ್‌ಸ್ಟಾಪಿನಲ್ಲಿ ಸಂಕೇತ ಸಿಕ್ಕ.

"ನಿಜ ಬರೆದ್ರೆ ಇಪ್ಪತ್ತು ಜನರ ಕೆಲಸ ಹೋಗ್ತದೆ, ನನ್ನದೂ. ನಾ ಏನು ಬರೀಲಿ ಸರ್?"

ಅವನ ಮುಖ ಬಿಳಿಚಿತು. "ಅದನ್ನ ನನ್ನ ಹತ್ರ ಕೇಳಬೇಡಿ ರಕ್ಷಿತಾ." ಆಗಷ್ಟೇ ಬಂದ ಕಾರವಾರದ ಬಸ್ಸು ಹತ್ತಿ ಹೋಗಿಬಿಟ್ಟ.

ಮರುದಿನ ಸುದ್ದಿ ಬಂತು. ಸಂಕೇತ ತಾನಾಗಿಯೇ ಬರೆದುಕೊಟ್ಟು ಈ ಫೈಲು ಬಿಟ್ಟಿದ್ದ. ಅವಳು ಒಮ್ಮೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ.

ಇವನೂ... ಎಂದುಕೊಂಡಳು. ಕಣ್ಣು ಒಣಗಿಯೇ ಇತ್ತು.

ಅವಳು ಕೂತು ನಿಜವನ್ನೇ ಬರೆದಳು. ಬರೆದದ್ದನ್ನು ಓದಿ ಹೇಳಿದಾಗ ಬೊಮ್ಮಿ ಸೆರಗಿಗೆ ಕೈ ಒರೆಸಿಕೊಂಡಳು. "ಬೊಗಸಿ ನಮ್ದು, ಹೆಸ್ರೂ ನಮ್ದೇ ಇರ್ಲಿ." ಇಪ್ಪತ್ತು ಜನವೂ ಸಾಲಾಗಿ ಬಂದು ಕೆಳಗೆ ಸಹಿ ಹಾಕಿದರು.

ಹೊಸ ಅಧಿಕಾರಿ ಎರಡೂ ಶೆಡ್ಡಿನ ತೂಕದ ಪುಸ್ತಕ ತಾಳೆ ನೋಡಿದರು. ನಲವತ್ತೊಂದನೇ ಲಾಟಿನ ಪ್ರಮಾಣಪತ್ರ ರದ್ದಾಯಿತು; ಅದರ ಸುಂಕ ಕಾರ್ಖಾನೆಯ ಮೇಲೆ ಬಿತ್ತು. ಮೋಸವಿಲ್ಲ, ತಾವೇ ತಿಳಿಸಿದ್ದಾರೆ ಎಂದು ಆದೇಶದಲ್ಲಿತ್ತು. ಅದನ್ನು ಓದಿದ ಖರೀದಿದಾರ ಬಿಟ್ಟು ಹೋಗಲಿಲ್ಲ. ರಾಮನಾಥ ಒಂದು ವಾರ ಗೊಣಗಿದ, ಯಾರನ್ನೂ ತೆಗೆಯಲಿಲ್ಲ. ಬೊಮ್ಮಿ ಎಲ್ಲರಿಗೂ ಬೆಲ್ಲ ಹಂಚಿದಳು. ರಕ್ಷಿತಾ ತನ್ನ ಚೂರನ್ನು ಬಾಯಿಗೆ ಹಾಕಿಕೊಂಡಳು. ಸಿಹಿ ಎಂದು ಗೊತ್ತಾಯಿತು, ಅಷ್ಟೇ.

ಆದೇಶ ಬಂದ ಮರುದಿನ ಬಸ್‌ಸ್ಟಾಪಿನ ಬೆಂಚಿನ ಪಕ್ಕ ಸಂಕೇತ ನಿಂತಿದ್ದ.

"ಫೈಲು ಮುಗೀತು," ಎಂದ.

ಅವಳು ಬೆಂಚಿನಿಂದ ಏಳಲಿಲ್ಲ. "ನಿಮಗೇನಾಗಬೇಕು ಅದರಿಂದ? ಬಿಟ್ಟು ಹೋದವರಲ್ವಾ."

"ಬಿಟ್ಟದ್ದು ಫೈಲನ್ನ. ಆವತ್ತು ನೀವು ಏನು ಬರೀಲಿ ಅಂತ ಕೇಳಿದಾಗ, ಸುಳ್ಳನ್ನೇ ಬರೀರಿ, ನಿಮ್ಮ ಕೆಲಸ ಉಳೀಲಿ ಅನ್ನೋ ಮಾತು ಬಾಯಿ ತನಕ ಬಂದಿತ್ತು. ಹಾಗೆ ಅನಿಸಿದವನು ತಪಾಸಣೆ ಮಾಡಬಾರದು."

"ಫೋನು?"

"ಎತ್ತಿದ್ದಿದ್ರೆ, ನಿಮಗೆ ನಾನೇ ಹೇಳಿಕೊಟ್ಟೆ ಅಂತಿದ್ರು. ನಿಮ್ಮ ಮಾತಿಗೆ ಬೆಲೆ ಇರ್ತಿರಲಿಲ್ಲ."

"ಹದಿನೆಂಟು ದಿನ..." ಅವಳ ದನಿ ಒಡೆಯಿತು. "ಹದಿನೆಂಟು ದಿನ ನಾ ಏನಂದ್ಕೊಂಡೆ ಗೊತ್ತುಂಟಾ ನಿಮಗೆ?"

ಕಣ್ಣೀರು ಬಂದದ್ದು ಅದು ಗಲ್ಲಕ್ಕಿಳಿದ ಮೇಲೆ ಅವಳಿಗೆ ತಿಳಿಯಿತು. ಬಿಸಿಯಾಗಿತ್ತು.

"ಗೊತ್ತಿಲ್ಲ," ಎಂದ ಸಂಕೇತ ಮೆಲ್ಲಗೆ. "ನೀವಂದ್ರೆ ನನಗೆ ಇಷ್ಟ. ಅದೊಂದೇ ಗೊತ್ತಿರೋದು."

ಕಾರವಾರದ ಬಸ್ಸು ಬಂದು ನಿಂತಿತು. ಅವನು ಅತ್ತ ತಿರುಗಲಿಲ್ಲ.

"ಹೋಗೂದಿಲ್ವಾ?"

"ನಿಮ್ಮ ಸಿಟ್ಟು ಇಳೀಲಿ."

"ತಡ ಆಗ್ತದೆ. ಒಂದು ವರ್ಷದ್ದು ಒಟ್ಟಿಗೇ ಬಂದದ್ದು."

"ಆಗ್ಲಿ."

ರಕ್ಷಿತಾ ಬೆಂಚಿನ ಮೇಲಿದ್ದ ಚೀಲವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ಹಾಗಾದ್ರೆ ನಿಲ್ಲೂದ್ಯಾಕೆ? ಕೂತ್ಕೊಳ್ಳಿ."